ಗೋಣಿದಾರ ಹಾಕಿದ ಗ್ಲೌಸ್

ಒಂದೇ ದಿನ ಅಮ್ಮತ್ತಿಯ ಮೆಡಿಕಲ್ ಶಾಪಿಗೆ ಮೂರು ಸಲ ಹೋದೆ. ಮೊದಲ ಸಲ ಗ್ಯಾಸಿನ ಮಾತ್ರೆ ತೆಗೆದುಕೊಂಡೆ. ಎರಡನೇ ಸಲ ಕೆಮ್ಮಿನ ಔಷಧಿ, ಕೆಮ್ಮು ಇರಲಿಲ್ಲ. ಮೂರನೇ ಸಲ ಏನು ಕೇಳಬೇಕೆಂದು ತಿಳಿಯದೆ ಹತ್ತಿ ಕೇಳಿದೆ. ಕೌಂಟರಿನ ಹುಡುಗಿ ಹತ್ತಿಯ ಕಟ್ಟನ್ನು ಕವರಿಗೆ ಹಾಕುತ್ತಾ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ ಎಂದು ಕೇಳಿದಳು. ಇಲ್ಲ ಅಂದೆ. ಅವಳು ಬಲಗೈಯಲ್ಲೇ ಕವರು ಹಿಡಿದು, ಬಲಗೈಯಲ್ಲೇ ಚಿಲ್ಲರೆ ಎಣಿಸಿ ಕೊಟ್ಟಳು. ಎಡಗೈ ಕೌಂಟರಿನ ಕೆಳಗಿತ್ತು. ನಾನು ಹೇಳಬೇಕೆಂದು ಹೋಗಿದ್ದ ಮಾತು ಆ ಎಡಗೈಯದೇ. ಹೇಳದೆ ಹೊರಗೆ ಬಂದು, ಬಸ್‌ಸ್ಟ್ಯಾಂಡಿನ ಸುತ್ತ ಎರಡು ಸುತ್ತು ಹೊಡೆದು ಮನೆಗೆ ಹೋದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಹರೆಯದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂಟೆ ಹೊಲಿಯುತ್ತಿದ್ದೆ. ಆಮೇಲೆ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿ, ಅಲ್ಲಿಯೇ ನಿವೃತ್ತನಾದೆ. ಶಾಲೆಯ ಬೀಗದ ಕೈಗೊಂಚಲು ಮೂವತ್ತು ವರ್ಷ ನನ್ನ ಸೊಂಟದಲ್ಲಿತ್ತು. ಆಟದ ಸಾಮಾನಿನ ಕೋಣೆಯ ಬೀಗದ ಕೈಯೂ ಅದರಲ್ಲೇ ಇತ್ತು.

ನಿವೃತ್ತಿಗೆ ಒಂದು ವರ್ಷ ಇರುವಾಗ ದಾವಣಗೆರೆ ಕಡೆಯಿಂದ ಪಿಟಿ ಮೇಡಂ ಒಬ್ಬರು ಬಂದರು. ವಯಸ್ಸಿನಲ್ಲಿ ನನ್ನ ಕಿರಿಯ ಮಗಳಿಗಿಂತ ಚಿಕ್ಕವರು. ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಗು ಎದ್ದಿತು. ನಮ್ಮ ಕಡೆ ಮಗು ನಡೆಯಲು ಕಲಿತ ಮೇಲೆ ಹಾಕಿ ಸ್ಟಿಕ್ ಹಿಡಿಯುತ್ತದೆ. ಇದು ಯಾವ ದೊಣ್ಣೆಯಾಟ ಎಂದು ಹೆಡ್‌ಮಾಸ್ಟರು ಕೇಳಿದರು. ಹಾಕಿಯಲ್ಲಿ ಇಲ್ಲಿ ನೂರು ತಂಡ ಇವೆ ಸರ್, ಇದರಲ್ಲಿ ಮೂರು ಇಲ್ಲ, ನಮ್ಮ ಮಕ್ಕಳು ಒಂದು ವರ್ಷದಲ್ಲಿ ಮೈಸೂರು ನೋಡುತ್ತಾರೆ ಎಂದರು ಮೇಡಂ. ಬೆಂಗಳೂರಿನ ಪರಿಚಯದವರಿಂದ ಹನ್ನೆರಡು ಹಳೆಯ ಚರ್ಮದ ಗ್ಲೌಸ್ ತರಿಸಿದರು. ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಚರ್ಮದ ದಾರದಿಂದ ಹೆಣೆದ ಬಲೆ. ಚೆಂಡು ಬಂದು ಸಿಕ್ಕಿಕೊಳ್ಳುವುದು ಅದರಲ್ಲೇ.

ಒಂಬತ್ತು ಹುಡುಗಿಯರ ತಂಡ ಆಯಿತು. ಚೆಂಡು ಹೊಡೆದವಳು ಮೊದಲು ಓಡಿ ಮುಟ್ಟಬೇಕಾದ ಫಸ್ಟ್ ಬೇಸಿನಲ್ಲಿ ನಿಲ್ಲುತ್ತಿದ್ದವಳು ಎಸ್ಟೇಟ್ ಲಾರಿ ಡ್ರೈವರ್ ಒಬ್ಬರ ಹಿರಿಮಗಳು. ಉದ್ದನೆಯ ಹುಡುಗಿ. ಚೆಂಡು ಎಲ್ಲಿಂದ ಬಂದರೂ ಒಂದು ಕಾಲನ್ನು ಬೇಸಿನ ಮೇಲಿಟ್ಟೇ ಮೈಚಾಚಿ ಹಿಡಿಯುತ್ತಿದ್ದಳು. ಹೊಡೆದವಳು ಓಡಿ ಬರುವ ಮೊದಲೇ ಹಾಗೆ ಹಿಡಿದರೆ ಅವಳು ಔಟ್. ಹಿಡಿದಾಗ ಗ್ಲೌಸಿನಿಂದ ಟಪ್ ಎಂದು ಒಂದು ಶಬ್ದ ಬರುತ್ತಿತ್ತು. ಗಂಟೆ ಹೊಡೆಯಲು ಹೋಗುವಾಗ ಆ ಶಬ್ದಕ್ಕೆ ನಾನೂ ನಿಂತು ನೋಡುತ್ತಿದ್ದೆ. ಆದರೆ ಯಾರಿಗೂ ತೋರಿಸಿಕೊಳ್ಳುತ್ತಿರಲಿಲ್ಲ. ಆ ಆಟದಿಂದ ನನಗೆ ಕೆಲಸ ಹೆಚ್ಚಾಗಿತ್ತು. ಮೇಡಂ ಕೆಲಸ ಹೇಳುವ ರೀತಿಯೂ ಹಿಡಿಸುತ್ತಿರಲಿಲ್ಲ.

ಜೂನ್ ಬಂತು. ಚರ್ಮ ಒದ್ದೆಯಾದರೆ ಹಾಳಾಗುತ್ತದೆ, ಎರಡು ದಿನಕ್ಕೊಮ್ಮೆ ಒರೆಸಿ, ಬಿಸಿಯೂಟದ ಅಡಿಗೆ ಕೋಣೆಯಲ್ಲಿ ಬೆಚ್ಚಗೆ ಹರಡಿ ಎಂದು ಮೇಡಂ ನನಗೆ ಹೇಳಿದರು. ಹೂಂ ಅಂದೆ. ಅದೇ ವಾರ ಆ ಉದ್ದನೆಯ ಹುಡುಗಿ ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅಂಕಲ್, ನಮ್ಮನೆ ಒಲೆ ಮೇಲೆ ಅಟ್ಟ ಉಂಟು. ಗ್ಲೌಸ್ ಎಲ್ಲ ನಾನು ತಗೊಂಡು ಹೋಗ್ಲಾ? ಹೊಗೆಗೆ ಚೆನ್ನಾಗಿ ಒಣಗ್ತದೆ."

ಸ್ಟಾಕ್ ಬುಕ್ಕಿನಲ್ಲಿರುವ ಸಾಮಾನು ಗೇಟು ದಾಟುವ ಹಾಗಿಲ್ಲ ಎಂದೆ. ಹಾಗೊಂದು ನಿಯಮ ಇತ್ತು, ನಿಜ. ಅದೇ ನಿಯಮ ಇರುವಾಗ ಗಂಡುಮಕ್ಕಳು ಹಾಕಿ ಸ್ಟಿಕ್ಕುಗಳನ್ನು ಮನೆಗೆ ಒಯ್ಯುತ್ತಿದ್ದರು, ನಾನು ನೋಡಿಯೂ ಸುಮ್ಮನಿದ್ದೆ. ಅವಳು ಹೋದ ಮೇಲೆ ಹನ್ನೆರಡು ಗ್ಲೌಸನ್ನೂ ಒಂದು ಗೋಣಿಚೀಲಕ್ಕೆ ತುಂಬಿ ರ‍್ಯಾಕಿನ ಮೇಲೆ ಎಸೆದೆ. ಮಳೆಗಾಲ ಮುಗಿಯುವ ತನಕ ಆ ಚೀಲ ಕೆಳಗೆ ಇಳಿಯಲಿಲ್ಲ. ಮೈದಾನ ಕೆಸರಾಗಿದ್ದ ಆ ತಿಂಗಳುಗಳಲ್ಲಿ ಮೇಡಂ ವರಾಂಡದಲ್ಲಿ ಬರಿಗೈಯಲ್ಲೇ ಅಭ್ಯಾಸ ಮಾಡಿಸುತ್ತಿದ್ದರು. ಗ್ಲೌಸ್ ಒಣಗುತ್ತಾ ಇದೆಯಾ ಎಂದು ಆಗಾಗ ಕೇಳುತ್ತಿದ್ದರು. ಇದೆ ಎನ್ನುತ್ತಿದ್ದೆ.

ಪಂದ್ಯದ ಸುತ್ತೋಲೆ ಬಂದ ದಿನ ಚೀಲ ಇಳಿಸಿದೆ. ಬಿಚ್ಚಿದರೆ ಒಳಗೆಲ್ಲ ಬಿಳಿಯ ಬೂಷ್ಟು. ಒರೆಸಿದರೆ ಹನ್ನೊಂದು ಹೇಗೋ ಸರಿಯಾದವು. ಫಸ್ಟ್ ಬೇಸಿನವಳ ದೊಡ್ಡ ಗ್ಲೌಸ್ ಮಾತ್ರ ಚೀಲದ ತಳದಲ್ಲಿತ್ತು. ಅದರ ಬಲೆಯ ದಾರ ಮುಟ್ಟಿದರೆ ಪುಡಿಯಾಗುತ್ತಿತ್ತು.

ಆಗಲೂ ಮೇಡಂ ಹತ್ತಿರ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಇನ್ನೊಂದು ಗ್ಲೌಸ್ ತರಿಸಲು ಎರಡು ವಾರ ಇತ್ತು. ನಾನು ಮಾಡಿದ್ದು ಬೇರೆ. ಮನೆಯಿಂದ ದಬ್ಬಳ ತಂದೆ. ಗೋಣಿದಾರದಿಂದ ಆ ಬಲೆಯನ್ನು ಹೊಲಿದೆ. ಕೈ ಆ ಕೆಲಸ ಮರೆತಿರಲಿಲ್ಲ. ಕೊನೆಯಲ್ಲಿ ಎರಡು ಸುತ್ತು ಹಾಕಿ ಅಡ್ಡಗಂಟು ಬಿಗಿದೆ. ಮೇಲಿಂದ ಕಪ್ಪು ಶೂ ಪಾಲಿಶ್ ತಿಕ್ಕಿದೆ. ಹೊಸದರಂತೆ ಕಂಡಿತು. ಎಲ್ಲ ಸರಿ ಇದೆ ಎಂದು ಮೇಡಂಗೆ ಹೇಳಿದೆ. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ಅವರು ಮಕ್ಕಳ ಮುಂದೆಯೇ ಹೊಗಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಮಡಿಕೇರಿಯಲ್ಲಿ ಜಿಲ್ಲಾ ಪಂದ್ಯ ಸುಲಭವಾಗಿ ಗೆದ್ದೆವು. ಎದುರಿಗಿದ್ದದ್ದು ಒಂದೇ ತಂಡ. ಮೇಡಂ ಹೇಳಿದಂತೆ ಮೈಸೂರು ಬಂತು. ಸಾಮಾನು ಹೊರಲು ನಾನೂ ಹೋದೆ. ಒಂಬತ್ತರಲ್ಲಿ ಆರು ಹುಡುಗಿಯರು ಹುಣಸೂರು ದಾಟಿದ್ದು ಅದೇ ಮೊದಲು. ಬಸ್ಸಿನಲ್ಲಿ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡಿದ್ದರು.

ಅಲ್ಲಿನ ಪಂದ್ಯದ ಕೊನೆಯ ಸರದಿ. ನಾವು ಒಂದು ರನ್ ಮುಂದಿದ್ದೆವು. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು, ಇನ್ನಿಬ್ಬರು ಬೇಸುಗಳಲ್ಲಿ ನಿಂತು ಓಡಲು ಕಾಯುತ್ತಿದ್ದರು. ಇನ್ನೊಬ್ಬಳು ಔಟಾದರೆ ಗೆಲುವು ನಮ್ಮದು. ಹೊಡೆದ ಚೆಂಡು ನೆಲದಲ್ಲಿ ಉರುಳಿ ಬಂತು. ನಮ್ಮ ಹುಡುಗಿಯೊಬ್ಬಳು ಎತ್ತಿ ಫಸ್ಟ್ ಬೇಸಿಗೆ ಎಸೆದಳು. ಉದ್ದನೆಯ ಹುಡುಗಿ ಕಾಲನ್ನು ಬೇಸಿನ ಮೇಲಿಟ್ಟು ಮೈಚಾಚಿದಳು. ಚೆಂಡು ನೇರ ಗ್ಲೌಸಿಗೆ ಹೋಯಿತು. ಟಪ್ ಎನ್ನಲಿಲ್ಲ. ಹಿಂದಿನಿಂದ ಹೊರಗೆ ಬಂದು ಬೇಲಿಯ ತನಕ ಓಡಿತು. ಕಾದಿದ್ದ ಇಬ್ಬರೂ ಓಡಿ ಬಂದು ಎರಡು ರನ್ ಗಳಿಸಿದರು. ನಾವು ಸೋತೆವು.

ಅವಳು ಅಲ್ಲಿಯೇ ನಿಂತು ಗ್ಲೌಸನ್ನು ತಿರುಗಿಸುತ್ತಿದ್ದಳು. ನಾನು ಓಡಿದೆ. ನನ್ನ ವಯಸ್ಸಿನವನು ಹಾಗೆ ಓಡಿದ್ದು ನೋಡಿ, ಸಮಾಧಾನ ಹೇಳಲು ಓಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿದಿರಬೇಕು. ಅವಳ ಕೈಯಿಂದ ಗ್ಲೌಸನ್ನು ಎಳೆದುಕೊಂಡು ಚೀಲಕ್ಕೆ ತುರುಕಿದೆ.

"ಕೈಗೆ ಬಂದಿತ್ತು ಅಂಕಲ್. ಎಲ್ಲಿ ಹೋಯ್ತು ಗೊತ್ತಾಗ್ಲಿಲ್ಲ. ಒಂದ್ಸಲ ಗ್ಲೌಸ್ ಕೊಡಿ, ನೋಡ್ತೇನೆ."

"ಗ್ಲೌಸಿಗೆ ಎಂತ ಆಗ್ಲಿಲ್ಲ," ಅಂದೆ. "ನೀನು ಕೈ ಮುಚ್ಚಬೇಕಿತ್ತು."

ಗ್ಲೌಸ್ ಕೆಟ್ಟದ್ದು ಸೋಮಾರಿತನ, ಹೊಲಿದದ್ದು ಹೆದರಿಕೆ. ಈ ಮಾತಿಗೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಅವಳು ತನ್ನ ಎಡಗೈಯನ್ನು ನೋಡಿಕೊಂಡಳು. ಸಂಜೆಯ ಬಸ್ಸಿನಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ. ತಿತಿಮತಿ ದಾಟುವವರೆಗೂ ಅವಳು ಎಡಗೈಯನ್ನು ಬಿಡಿಸುವುದು, ಮುಚ್ಚುವುದು ಮಾಡುತ್ತಿದ್ದಳು. ನಾನು ಎರಡು ಸೀಟು ಹಿಂದೆ ಚೀಲವನ್ನು ಕಾಲ ಮೇಲಿಟ್ಟು ಕೂತಿದ್ದೆ.

ಬಸ್‌ಸ್ಟ್ಯಾಂಡಿನ ಹುಡುಗರು ಅವಳಿಗೆ ತೂತುಕೈ ಎಂದು ಹೆಸರಿಟ್ಟರು. ಅವಳು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಮೇಡಂ ಎರಡು ಸಲ ಮನೆಗೆ ಹೋಗಿ ಕರೆದರು, ಬರಲಿಲ್ಲ. ನಾನು ಆ ಗ್ಲೌಸ್ ಹಾಳಾಗಿದೆ ಎಂದು ಸ್ಟಾಕ್ ಬುಕ್ಕಿನಲ್ಲಿ ಬರೆದು ಮನೆಗೆ ತಂದೆ. ಒಮ್ಮೆ ಬಚ್ಚಲ ಒಲೆಗೆ ಹಾಕಿದೆ. ಚರ್ಮ ಸುಟ್ಟ ವಾಸನೆಗೆ ಹೆಂಡತಿ ಬಂದು ಅದೇನು ಎಂದು ಕೇಳಿದಳು. ಇಕ್ಕಳದಿಂದ ಹೊರಗೆಳೆದೆ. ಒಂದು ಬೆರಳಿನ ತುದಿ ಕರಕಲಾಗಿತ್ತು. ಆಮೇಲೆ ಅದು ಐದು ವರ್ಷ ಮಂಚದ ಕೆಳಗಿತ್ತು.

ಹಾಗೆಯೇ ಇರುತ್ತಿತ್ತೇನೋ. ಈ ವರ್ಷ ಒಂದು ಭಾನುವಾರ ಕ್ಷೌರದಂಗಡಿಯಲ್ಲಿ ಅವಳ ಅಪ್ಪ ಸಿಕ್ಕಿದರು. ಎರಡನೇ ಮಗಳು ಈಗ ಒಂಬತ್ತನೇ ಕ್ಲಾಸು, ಅದೇ ಮೇಡಂ ಹತ್ತಿರ ಅದೇ ಆಟ. ಅವಳ ತಂಡವೂ ಮೈಸೂರಿಗೆ ಹೊರಟಿದೆ. ಶುಕ್ರವಾರದೊಳಗೆ ಅಪ್ಪನ ಸಹಿ ಇರುವ ಒಪ್ಪಿಗೆ ಪತ್ರ ಶಾಲೆಗೆ ಹೋಗಬೇಕು. ಸಹಿ ಹಾಕುವುದಿಲ್ಲ ಎಂದು ಅವರು ನಗುತ್ತಲೇ ಹೇಳಿದರು.

"ಒಬ್ಳನ್ನ ಕಳ್ಸಿ ತೂತುಕೈ ಅಂತ ಅನ್ನಿಸ್ಕೊಂಡದ್ದು ಸಾಕಲ್ಲ ಅಣ್ಣ. ನೀವೇ ಇದ್ರಲ್ಲ ಅಲ್ಲಿ. ನೀವೇ ಕಣ್ಣಾರೆ ನೋಡಿದ್ರಲ್ಲ."

ಅಂಗಡಿಯವನ ಕತ್ತರಿ ನನ್ನ ಕಿವಿಯ ಹತ್ತಿರ ಇತ್ತು. ಅಲ್ಲಾಡಬೇಡಿ ಎಂದ. ಅಲ್ಲಾಡದೆ ಕೂತೆ.

ಹಿರಿಯವಳು ಈಗ ಕೆಲಸಕ್ಕಿರುವ ಮೆಡಿಕಲ್ ಶಾಪಿಗೆ ಮೂರು ಸಲ ಹೋದದ್ದು ಮರುದಿನ. ಮಂಗಳವಾರ, ಬುಧವಾರ ಮನೆಯಲ್ಲಿ ಕೂರಲಾಗಲಿಲ್ಲ. ಗೇಟಿನ ತನಕ ಹೋಗುವುದು, ವಾಪಸ್ಸು ಬರುವುದು. ಅನ್ನದ ಮುಂದೆ ಕೂತರೆ ಏಳಬೇಕು ಅನ್ನಿಸುತ್ತಿತ್ತು. ನಿಮ್ಮನ್ನು ನೋಡಿಯೇ ನನಗೆ ತಲೆ ಸುತ್ತುತ್ತದೆ, ಅದೆಲ್ಲಿಗೆ ಹೋಗಬೇಕೋ ಒಮ್ಮೆ ಹೋಗಿ ಬನ್ನಿ ಎಂದು ಹೆಂಡತಿ ರೇಗಿದಳು. ಗುರುವಾರ ಸಂಜೆ ನಾಲ್ಕು ಗಂಟೆಗೆ ಗ್ಲೌಸನ್ನು ಪೇಪರಿನಲ್ಲಿ ಸುತ್ತಿಕೊಂಡು ಅವರ ಮನೆಗೆ ಹೊರಟೆ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದೆ. ಎರಡನೇ ಸಲ ಎದುರಿಗೆ ಎರಡನೇ ಮಗಳೇ ಶಾಲೆ ಬಿಟ್ಟು ಬರುತ್ತಿದ್ದಳು. ಅಜ್ಜ, ನಮ್ಮನೆಗಾ ಎಂದಳು. ಮತ್ತೆ ತಿರುಗಲು ಆಗಲಿಲ್ಲ.

ಅಪ್ಪ ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಹಿರಿಯವಳಿಗೆ ಅಂದು ರಜೆ. ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಕಾಫಿ ಕೊಡುತ್ತೇನೆ ಕೂತ್ಕೊಳ್ಳಿ ಎಂದಳು. ಕೂತರೆ ಹೇಳಲಾಗುವುದಿಲ್ಲ ಎಂದು ನಿಂತೇ ಪೇಪರು ಬಿಚ್ಚಿ ಗ್ಲೌಸನ್ನು ಜಗಲಿಯ ಮೇಲಿಟ್ಟೆ. ಬಲೆಯ ಅರ್ಧ ಕಿತ್ತು ಬಂದಿತ್ತು, ಇನ್ನರ್ಧ ಹೊಲಿಗೆ ಹಾಗೆಯೇ ಇತ್ತು. ಪಾಲಿಶ್ ಉದುರಿ ದಾರ ತನ್ನ ಬಣ್ಣಕ್ಕೆ ಬಂದಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಒದ್ದೆ ಕೈಯಲ್ಲೇ ಅದನ್ನೆತ್ತಿ ಗಂಟಿನ ಮೇಲೆ ಹೆಬ್ಬೆರಳು ಆಡಿಸಿದರು. ಇಪ್ಪತ್ತು ವರ್ಷ ಕಾಫಿ ಮೂಟೆ ಸಾಗಿಸಿದ ಕೈ.

"ಇದು ಮೂಟೆ ಹೊಲಿಗೆ ಅಲ್ವಾ ಅಣ್ಣ? ಚರ್ಮಕ್ಕೆ ಯಾರು ಹಾಕಿದ್ದು ಇದನ್ನ?"

ನಾನು ಅಂದೆ. ಆಮೇಲೆ ಎಲ್ಲವನ್ನೂ ಹೇಳಿದೆ: ಒಲೆಯ ಮೇಲಿನ ಅಟ್ಟ, ಗೋಣಿಚೀಲ, ಬೂಷ್ಟು, ಪಾಲಿಶ್, ನಾನು ಓಡಿದ್ದು, ಆಡಿದ ಮಾತು. ಹೇಳುವಾಗ ಅವಳ ಮುಖ ನೋಡಲಿಲ್ಲ, ಮಡಚಿಟ್ಟ ಬಟ್ಟೆಗಳನ್ನು ನೋಡುತ್ತಿದ್ದೆ. ಮಾತು ಮುಗಿದಾಗ ಅವಳು ಅಪ್ಪನ ಕೈಯಿಂದ ಗ್ಲೌಸ್ ತೆಗೆದುಕೊಂಡು ಎಡಗೈಗೆ ಹಾಕಿದಳು. ಒಣಗಿ ಮರದಂತಾಗಿದ್ದ ಚರ್ಮವನ್ನು ಬಲ ಹಾಕಿ ಮುಚ್ಚಿದಳು. ಬೆರಳುಗಳ ನಡುವಿನ ತೂತು ಹಾಗೆಯೇ ಉಳಿಯಿತು.

"ನಾನು ಕೈ ಮುಚ್ಚಿದ್ದೆ ಅಲ್ವಾ?"

"ಮುಚ್ಚಿದ್ದೆ ಮಗಳೇ. ನಾನು ನೋಡಿದ್ದೆ."

"ಮಗಳೇ ಅಂತ ಕರೀಬೇಡಿ."

ಅಪ್ಪ ಎರಡನೇ ಮಗಳಿಗೆ ಆ ಪೇಪರು ತಾ ಎಂದರು. ಅವಳು ಬ್ಯಾಗಿನಿಂದ ಒಪ್ಪಿಗೆ ಪತ್ರ ತೆಗೆದಳು. ಪೆನ್ನು ಬರೆಯಲಿಲ್ಲ. ನನ್ನ ಜೇಬಿನಲ್ಲಿದ್ದ ಪೆನ್ನನ್ನು ಚಾಚಿದೆ. ಅವರು ಅದನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಇನ್ನೊಂದು ಹುಡುಕಿ ತಂದು ಸಹಿ ಹಾಕಿದರು.

ನಾನು ಅಂಗಳಕ್ಕೆ ಇಳಿದಾಗ ಹಿರಿಯವಳು ಹಿಂದೆಯೇ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮ ಮನೇಲಿ ಹೇಳಿದ್ರೆ ಮುಗೀಲಿಲ್ಲ. ಆ ಬಸ್ಸಲ್ಲಿ ನನ್ಹತ್ರ ಯಾರೂ ಮಾತಾಡ್ಲಿಲ್ಲ. ಮೇಡಂಗೆ ಹೇಳಿ. ಉಳಿದ ಎಂಟು ಜನಕ್ಕೂ ಹೇಳಿ. ನೀವೇ ಹೋಗಿ ಹೇಳ್ಬೇಕು." ಒಳಗೆ ಹೋಗುವ ಮೊದಲು ತಿರುಗಿ, "ತಂಗಿನ ಬಸ್ ಹತ್ಸಕ್ಕೆ ಬರ್ಬೇಡಿ," ಅಂದಳು.

ಹೋಗಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಮನೆಯ ಗೇಟಿನ ಹತ್ತಿರ ನಿಂತಿದ್ದೆ. ಅವರು ಗೆದ್ದರೋ ಸೋತರೋ ಕೇಳಿಲ್ಲ. ಕೇಳುವ ಹಕ್ಕು ನನಗಿದೆ ಅನ್ನಿಸುವುದಿಲ್ಲ.

ಆದರೆ ಅವಳು ಕೊಟ್ಟ ಕೆಲಸ ಮಾಡುತ್ತಿದ್ದೇನೆ. ಮೇಡಂಗೆ ಎದುರಿಗೇ ಹೇಳಿದೆ. ಅವರು, ನಿಮ್ಮನ್ನು ಮಕ್ಕಳ ಮುಂದೆ ಹೊಗಳಿದ್ದೆನಲ್ಲ ಎಂದಷ್ಟೇ ಹೇಳಿದರು. ತಂಡದವರಲ್ಲಿ ಒಬ್ಬಳು ಮಡಿಕೇರಿಯಲ್ಲಿ ಹೋಮ್‌ಸ್ಟೇ ನೋಡಿಕೊಳ್ಳುತ್ತಾಳೆ. ಕೇಳಿ ಅತ್ತಳು, ಆ ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದು ಹೋದವಳು ತಾನೇ ಎಂದಳು. ಇನ್ನೊಬ್ಬಳನ್ನು ಸಂಪಾಜೆಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಘಾಟಿ ಇಳಿದು ಅಲ್ಲಿಗೂ ಹೋದೆ. ಅವಳಿಗೆ ಆ ಪಂದ್ಯವೇ ನೆನಪಿರಲಿಲ್ಲ. ಮೈಸೂರಿನಲ್ಲಿ ತಿಂದ ಐಸ್‌ಕ್ರೀಮ್ ನೆನಪಿತ್ತು. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೂರ ಬಂದಿರಾ ಎಂದು ನಕ್ಕಳು. ಆ ನಗುವಿನಿಂದ ಹಗುರಾಗಬೇಕಿತ್ತು, ಆಗಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಇದ್ದರೂ ನಿಂತೇ ಬಂದೆ.

ಎಂಟು ಜನರಲ್ಲಿ ಐವರಿಗೆ ಹೇಳಿ ಆಯಿತು. ಮೂವರು ಎಲ್ಲಿದ್ದಾರೆಂದು ತಿಳಿದಿಲ್ಲ. ಒಬ್ಬಳ ಮನೆಯವರು ಎಸ್ಟೇಟಿನ ಕೂಲಿ ಲೈನ್‌ಮನೆ ಬಿಟ್ಟು ತಮಿಳುನಾಡಿನ ಕಡೆ ಹೋದರಂತೆ. ಉಳಿದಿಬ್ಬರ ಫೋನ್ ನಂಬರು ಯಾರ ಹತ್ತಿರವೂ ಇಲ್ಲ. ಇದನ್ನು ಬರೆದದ್ದು ಆ ಮೂವರಿಗಾಗಿ. ನಿಮ್ಮಲ್ಲಿ ಯಾರ ಕೈಗಾದರೂ ಇದು ಸಿಕ್ಕಿದರೆ, ನನ್ನ ವಿಷಯ ಹಾಗಿರಲಿ. ಅವಳ ವಿಷಯ ಇಷ್ಟು ತಿಳಿದುಕೊಳ್ಳಿ: ಚೆಂಡು ನೇರವಾಗಿಯೇ ಬಂದಿತ್ತು, ಅವಳ ಕಾಲು ಬೇಸಿನ ಮೇಲೆಯೇ ಇತ್ತು, ಅವಳು ಕೈ ಮುಚ್ಚಿದ್ದಳು.