ಒಂಟೆಮರಿಯ ಎರಡು ಕಂತುಗಳು

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುವುದು ಹೀಗೆ: ಮಹಡಿಯ ಸ್ಟೆಲ್ಲಾ ಆಂಟಿ ಕಾರ್ಟೂನ್ ತೋರಿಸಿ ನನ್ನನ್ನು ಮತಾಂತರ ಮಾಡಲು ಹೊರಟಿದ್ದಳು, ಅಪ್ಪ ಸಮಯಕ್ಕೆ ಸರಿಯಾಗಿ ತಡೆದರು. ಮದುವೆಯೋ ಮುಂಜಿಯೋ, ನೆಂಟರು ಸೇರಿದಲ್ಲೆಲ್ಲ ಎಲೆಯ ಮುಂದೆ ಕೂತು ಅಪ್ಪ ಇದನ್ನು ಹೇಳುತ್ತಾರೆ, ಪಂಕ್ತಿಯವರು ತಲೆಯಾಡಿಸುತ್ತಾರೆ. ಇಷ್ಟು ಟೊಳ್ಳು ವಾದವನ್ನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಎತ್ತಿದ್ದರೆ ಎರಡು ನಿಮಿಷದಲ್ಲಿ ಕೆಡವುತ್ತಿದ್ದೆ. ಪಂಕ್ತಿಯಲ್ಲಿ ಮಾತ್ರ ಹಪ್ಪಳ ಮುರಿಯುತ್ತ ಕೂರುತ್ತೇನೆ. ಹೋದ ವಾರ ಪ್ಯಾರೀಸ್ ಕಾರ್ನರ್‌ನ ಫುಟ್‌ಪಾತಿನಲ್ಲಿ ಒಬ್ಬ ಹಳೆಯ ಡಿವಿಡಿ ಪ್ಲೇಯರ್ ಓಡಿಸಿ ತೋರಿಸುತ್ತಿದ್ದ. ಕಾದ ಪ್ಲಾಸ್ಟಿಕ್ಕಿನ, ಸುಟ್ಟ ಧೂಳಿನ ಆ ವಾಸನೆ ಮೂಗಿಗೆ ಬಂದದ್ದೇ, ಇದೇ ತಮಿಳು ನಗರದ ಪೋರೂರಿನಲ್ಲಿ ನಾವಿದ್ದ ಮನೆಯ ಆ ಮಧ್ಯಾಹ್ನಗಳು ಎದೆಯೊಳಗೆ ಒಮ್ಮೆಲೇ ಬಂದು ಕೂತವು.

ಅಪ್ಪ ಹೋಟೆಲಿಗೆ, ಅಮ್ಮ ಆಫೀಸಿಗೆ ಹೋದರೆ ಶಾಲೆಯಿಂದ ಬಂದ ನನಗೆ ಅಮ್ಮಮ್ಮನೇ ಗತಿ. ಅಮ್ಮನ ಅಮ್ಮ, ಮಗಳ ಜೊತೆಗೆಂದು ಕುಂದಾಪುರದಿಂದ ಬಂದವಳು. ಅಮ್ಮಮ್ಮನಿಗೆ ತಮಿಳು ಬಾರದು, ಸ್ಟೆಲ್ಲಾ ಆಂಟಿಗೆ ಕನ್ನಡ ಬಾರದು. ಆದರೂ ಇಬ್ಬರೂ ಆಂಟಿಯ ಮನೆಯಲ್ಲಿ ಒಂದೇ ಮೊರದಲ್ಲಿ ನುಗ್ಗೆಸೊಪ್ಪು ಬಿಡಿಸುತ್ತ ಎರಡು ತಾಸು ಮಾತಾಡುತ್ತಿದ್ದರು. ಎದುರಿಗೆ ಆಂಟಿ ಡಿವಿಡಿ ಹಾಕಿದ ಟೀವಿಯಲ್ಲಿ ಒಂಟೆಮರಿ. ಆ ಮರಿಯೂ ಒಬ್ಬ ಹುಡುಗಿಯೂ ಊರೂರು ಅಲೆದು ಯೇಸುವಿನ ನೀತಿ ಕಲಿಯುವ, ತಮಿಳಿಗೆ ಡಬ್ ಆದ ಕಾರ್ಟೂನದು. ತಮಿಳು ನನಗೇ ಚೆನ್ನಾಗಿ ಬರುತ್ತಿತ್ತು, ಆದರೂ ಅರ್ಥ ಹೇಳುವ ಹಕ್ಕು ಅಮ್ಮಮ್ಮನದು. ಅದರಲ್ಲಿ ಮಾತುಮಾತಿಗೆ ‘ಪಾವಿ’ ಎನ್ನುತ್ತಿದ್ದರು, ಅಂದರೆ ಪಾಪಿ. ಅಮ್ಮಮ್ಮನ ಕಿವಿಗೆ ಅದು ಬರೀ ಪಾಪ. “ಪಾಪ ಅಂಬ್ರ್ ಕಾಣ್,” ಪಾಪ ಅನ್ನುತ್ತಾರೆ ನೋಡು, ಎಂದು ಕಳ್ಳನಿಗೂ ಮರುಗುವಳು, ಸುಳ್ಳನಿಗೂ ಮರುಗುವಳು. ಹೀಗೆ ಆ ಕಾರ್ಟೂನಿನ ಪಾಪಿಗಳೆಲ್ಲ ನಮ್ಮಲ್ಲಿ ಪಾಪದವರಾಗಿಬಿಟ್ಟರು.

ಒಳ್ಳೆಯ ಕಂತು ಯಾವುದೆಂದು ಕೇಳಿದರೆ ಈಗಲೂ ತಡವರಿಸದೆ ಹೇಳುತ್ತೇನೆ: ಕುಂಬಾರನದು. ಒಂಟೆಮರಿ ಒಣಗಲು ಇಟ್ಟ ಮಡಕೆಗಳನ್ನು ತುಳಿದು ಹಾಕಿ ಅಡಗಿಕೊಳ್ಳುತ್ತದೆ. ಕುಂಬಾರ ಬಂದವನು ಚೂರುಗಳನ್ನು ನೋಡುತ್ತಾನೆ, ಹುಲ್ಲಿನ ಬಣವೆಯಿಂದ ಹೊರಗೆ ಉಳಿದ ಬಾಲವನ್ನೂ ನೋಡುತ್ತಾನೆ, ಮತ್ತೆ ಮಣ್ಣು ಕಲಸಲು ಕೂರುತ್ತಾನೆ. ಸ್ವಲ್ಪ ಹೊತ್ತಿಗೆ ಮರಿಯೇ ಬಂದು ಕಾಲಿನಿಂದ ಮಣ್ಣು ತುಳಿಯತೊಡಗುತ್ತದೆ. ಅಷ್ಟೇ. ಉಪದೇಶವಿಲ್ಲ, ದೇವರ ಹೆಸರೂ ಇಲ್ಲ. ದೇವರನ್ನು ನಂಬದ ನನಗೂ ಅದರ ಎದುರು ಹೂಡಲು ವಾದ ಸಿಕ್ಕಿಲ್ಲ.

ಕೆಟ್ಟದ್ದು ಬಾಗಿಲಿನ ಕಂತು. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಕಲ್ಲಿಗೆ ಹೂವಿಡುವ ಒಬ್ಬ ಅಜ್ಜಿ, ಅವಳ ಮೊಮ್ಮಗಳು. ಬೆಳಕಿನ ದೊಡ್ಡ ಬಾಗಿಲು ತೆರೆಯುತ್ತದೆ, ಮೊಮ್ಮಗಳು ಒಂಟೆಮರಿಯ ಜೊತೆ ಒಳಗೆ ಹೋಗುತ್ತಾಳೆ, ಪಾವಿ ಅಜ್ಜಿ ಹೊರಗೆ ಉಳಿಯುತ್ತಾಳೆ. ಮೊಮ್ಮಗಳು ನಗುತ್ತ ಟಾಟಾ ಮಾಡುತ್ತಾಳೆ. ಆ ನಗು, ಆ ಟಾಟಾ, ಹಿಂದಿನ ಆ ಕುಣಿಯುವ ಹಾಡು! ನಮ್ಮ ಪುರಾಣದ ಕಾರ್ಟೂನುಗಳು ಇದಕ್ಕಿಂತ ಮೇಲು ಎನ್ನುತ್ತಿಲ್ಲ, ಅಲ್ಲೂ ತಲೆಗಳು ಉರುಳುವಾಗ ಡೋಲು ಬಾರಿಸುತ್ತಾರೆ. ಆದರೆ ಇದನ್ನು ನಾನು ನೋಡಿದ್ದು ಏಳು ವರ್ಷದವಳಾಗಿ, ಅಮ್ಮಮ್ಮನ ಮಡಿಲಿನಲ್ಲಿ ಕೂತು. “ಪಾಪ ಅಂಬ್ರ್ ಆ ಅಜ್ಜಿ,” ಎಂದಳು ಅಮ್ಮಮ್ಮ. “ಒಳ್ಗ್ ಕರುಕೆ ಎಂತಾಯ್ತ್ ಆ ಹೆಣ್ಣಿಗೆ?” ಸ್ಟೆಲ್ಲಾ ಆಂಟಿ ಸೊಪ್ಪು ಬಿಡಿಸುತ್ತಲೇ ಇದ್ದರು.

ಸಂಜೆ ಅಪ್ಪ ಬಂದಾಗ ನಾನು ಬಿಕ್ಕಿ ಬಿಕ್ಕಿ ಅಳುತ್ತ, “ಅಮ್ಮಮ್ಮ ಪಾವಿಯಂತೆ, ಅವಳನ್ನ ಒಳಗೆ ಬಿಡಲ್ವಂತೆ,” ಎಂದೆ. ಅಪ್ಪ ಚಪ್ಪಲಿಯನ್ನೂ ಬಿಡದೆ ಮಹಡಿ ಹತ್ತಿದರು. ಏನಂದರೋ, ಇಳಿದು ಬಂದು, “ಇನ್ನು ಮೇಲಿನ ಮನೆಗೆ ಯಾರೂ ಹೋಗಬಾರದು,” ಎಂದರು. ಅಮ್ಮಮ್ಮ, “ಪಾಪದ್ ಹೆಂಗ್ಸ್ ಮಾರಾಯ್ರೆ ಅದ್,” ಎಂದದ್ದು ಯಾರಿಗೂ ಬೇಕಾಗಲಿಲ್ಲ. ಆಮೇಲೂ ಒಂದು ವಾರ ಮೆಟ್ಟಿಲಿನಿಂದ, “ಪಾಟಿ, ವಾಂಗೋ,” ಎಂದು ಅಜ್ಜಿಯನ್ನು ಕರೆವ ಆಂಟಿಯ ದನಿ ಕೇಳುತ್ತಿತ್ತು, ಮತ್ತೆ ಅದೂ ನಿಂತಿತು. ಅಮ್ಮಮ್ಮ ಗ್ರಿಲ್ಲಿನ ಬಾಗಿಲ ಹತ್ತಿರ ಬರಿಯ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ಮೇಲೆ ಹಾಡು ಕೇಳಿಸಿದರೆ, “ಒಂಟೆ ಬಂತ್ ಕಾಣ್,” ಎನ್ನುತ್ತಿದ್ದಳು. ಹಾಗೆ, ಆ ಕೊಳಕು ಕಂತಿನ ಬಾಗಿಲನ್ನು ನಮ್ಮ ಮನೆಗೇ ತಂದು ಹಚ್ಚಿದ್ದು ಅಪ್ಪ. ಅದನ್ನು ಹೊತ್ತು ತಂದುಕೊಟ್ಟದ್ದು ನಾನು.

ಎರಡು ವರ್ಷಕ್ಕೆ ಅಮ್ಮಮ್ಮ ತೀರಿಹೋದಳು. ಆಂಟಿ ಅದಕ್ಕೂ ಮೊದಲೇ ಮನೆ ಬಿಟ್ಟಿದ್ದರು. ಆ ಮನೆ ಇದ್ದಲ್ಲಿ ಈಗ ಅಪಾರ್ಟ್‌ಮೆಂಟು. ಮೆಟ್ಟಿಲಿದ್ದ ಕಡೆ ಕಾರುಗಳು ನಿಲ್ಲುತ್ತವೆ. ಆಂಟಿ ಮಾತ್ರ ಪ್ರತಿ ಕ್ರಿಸ್ಮಸ್‌ಗೆ ಅಮ್ಮನ ಮೊಬೈಲಿಗೆ ಶುಭಾಶಯ ಕಳಿಸುತ್ತಾರೆ, ಕೊನೆಯಲ್ಲಿ ಮರೆಯದೆ ‘ಪಾಟಿಯ ನೆನಪಾಗುತ್ತದೆ’ ಎಂದು ಸೇರಿಸಿ. ಪ್ಯಾರೀಸ್ ಕಾರ್ನರ್‌ನಿಂದ ಬರುವಾಗ ಬಸ್ಸಿನಲ್ಲೇ ಅವರಿಗೆ ತಮಿಳಿನಲ್ಲಿ ಬರೆದೆ. ಅವರು ಓದಿದರೆಂದು ಎರಡು ನೀಲಿ ಗೆರೆ ಬಿದ್ದು ಆರು ದಿನವಾಯಿತು. ಕೇಳಿದ್ದು ಇಷ್ಟೇ: ಆಂಟಿ, ಒಂದೇ ಮೊರದ ಆಚೆಗೆ ಕೂತು ಸೊಪ್ಪು ಬಿಡಿಸುತ್ತಿದ್ದವಳನ್ನು ನೀವೂ ಆ ಬಾಗಿಲ ಹೊರಗೇ ನಿಲ್ಲಿಸಿದ್ದಿರಾ?