ಅಕ್ಕನಿಗೊಂದು ಹಲಸಿನ ಕುರ್ಚಿ

ನಮ್ಮ ಭಾವ ಗಂಡಸರ ಬಟ್ಟೆ ಹೊಲಿಯುವ ದರ್ಜಿ. ಮೂವತ್ತೊಂದು ವರ್ಷದಿಂದ ಅದೇ ಅಂಗಡಿ, ಕೊರಳಲ್ಲಿ ಅದೇ ಟೇಪು. ದಾರಿಯಲ್ಲಿ ಎದುರಾದವನ ಹೆಸರು ಮರೆತಿದ್ದರೂ ಅವನ ಪ್ಯಾಂಟಿನ ಉದ್ದ ಮರೆಯುವುದಿಲ್ಲ. ನಾನು ಅವರ ಲೆಕ್ಕದಲ್ಲಿ ‘ನಲವತ್ತು, ಹೊಟ್ಟೆಗೆ ಎರಡು ಹೆಚ್ಚು’. ಹೆಂಗಸರ ಬಟ್ಟೆಗೆ ಮಾತ್ರ ಕೈ ಹಾಕಿದವರಲ್ಲ. ಅಕ್ಕನ ಬಟ್ಟೆಗಳನ್ನು ಕೂಡ ಎದುರುಮನೆಯಾಕೆಯೇ ಹೊಲಿದುಕೊಡುವುದು.

ಇಂಥವರು ಐವತ್ತೆಂಟನೆಯ ವಯಸ್ಸಿನಲ್ಲಿ ಬಡಗಿಯಾಗಲು ಹೊರಟದ್ದು ನಾನು ಆಡಿದ ಒಂದು ಮಾತಿನಿಂದ. ಅವತ್ತು ನಾನು ಹೋದಾಗ ಅಕ್ಕ ಎಂದಿನಂತೆ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಪುಸ್ತಕ ಓದುತ್ತಿದ್ದಳು. ಮನೆಯೊಳಗೆ ಆರು ಕುರ್ಚಿ ಖಾಲಿ ಬಿದ್ದಿದ್ದವು. ಅಂಗಡಿಗೆ ಬಂದವರಿಗೆಲ್ಲ ಕುರ್ಚಿ ಕೊಡುತ್ತೀರಿ, ನಮ್ಮಕ್ಕನಿಗೆ ಮಾತ್ರ ಮೆಟ್ಟಿಲೇ ಗತಿಯೇ ಎಂದು ಭಾವನನ್ನು ಕೆಣಕಿದೆ. ನಾನು ತಮಾಷೆಗೆ ಅಂದದ್ದು ಅವರಿಗೆ ನಾಟಿತು. ಅವಳಿಗೆಂದೇ ಒಂದು ಕುರ್ಚಿ, ಅದೂ ತಮ್ಮ ಕೈಯಿಂದಲೇ ಆಗಬೇಕು. ಅದರಲ್ಲಿ ಅವಳು ಆರಾಮಾಗಿ ಕೂತು ಓದುವುದನ್ನು ತಾವು ನೋಡಬೇಕು. ಭಾವ ಹಿಡಿದರೆ ಉಡದ ಪಟ್ಟು.

ನಾಲ್ಕು ಭಾನುವಾರ ನನ್ನನ್ನೂ ಸಾಮಿಲ್ಲಿಗೆ ಎಳೆದುಕೊಂಡು ಹೋದರು. ತೇಗ ಎಲ್ಲರ ಮನೆಯಲ್ಲೂ ಇದೆ, ಬೇಡ. ಬೀಟೆ ತೀರಾ ಕಪ್ಪು, ಬೇಡ. ಬಟ್ಟೆಯ ನೇಯ್ಗೆ ನೋಡುವವರಂತೆ ಹಲಗೆಯನ್ನು ಬೆಳಕಿಗೆ ತಿರುಗಿಸಿ, ಮೂಸಿ, ಉಗುರಿನಿಂದ ಕೆರೆದು, ಕಡೆಗೆ ಹಲಸಿಗೆ ಒಪ್ಪಿದರು. ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಪಾಗುತ್ತದೆ ಎಂದು ನನಗೆ ಹತ್ತು ಸಲ ಹೇಳಿದರು. ಆ ಹೊತ್ತಿಗೆ ಮಿಲ್ಲಿನವನು ನಮ್ಮನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದ.

ಆಮೇಲೆ ಪಾಲಿಶ್ ಪುರಾಣ ಶುರುವಾಯಿತು. ಉಳಿದ ಮರದಲ್ಲಿ ನಾಲ್ಕು ದಪ್ಪ ತುಂಡು ಕೊಯ್ದು, ಒಂದಕ್ಕೆ ಅರಗಿನ ಪಾಲಿಶ್, ಒಂದಕ್ಕೆ ವಾರ್ನಿಷ್, ಒಂದಕ್ಕೆ ಅಗಸೆ ಎಣ್ಣೆ, ಇನ್ನೊಂದಕ್ಕೆ ಬರೀ ಮೇಣ ಹಚ್ಚಿ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿಟ್ಟರು. ಯಾವುದು ಚೆಂದ ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಕ್ಕನನ್ನು ಕೇಳುವುದು. ಅವಳದು ಒಂದೇ ಉತ್ತರ: “ಯಾವುದಾದ್ರೂ ಆಗುತ್ತೆ ರೀ.” ಮದುವೆಯಾದಾಗಿನಿಂದ ಸಾರು, ಸೀರೆ, ಬಾಡಿಗೆ ಮನೆ ಎಲ್ಲಕ್ಕೂ ಅವಳು ಹೇಳಿದ್ದು ಇದನ್ನೇ. ನಿಮ್ಮಕ್ಕನಿಗೆ ಇಷ್ಟ ಅನ್ನೋದೇ ಇಲ್ಲವೇನಯ್ಯ ಎಂದು ಭಾವ ನನ್ನ ಮೇಲೆ ರೇಗಿದರು, ಅವಳನ್ನು ಸಾಕಿ ಬೆಳೆಸಿದವನು ನಾನೇ ಎಂಬಂತೆ.

ನಾಲ್ಕು ತಿಂಗಳಿಗೆ ಕುರ್ಚಿ ಎದ್ದು ನಿಂತಿತು. ಕೈ ಇಡುವಲ್ಲಿ ಬಾಗು, ಕಾಲಿನ ತುದಿಗಳಲ್ಲಿ ಬುಗುರಿಯಂತೆ ಕಡೆದ ಪಾದಗಳು, ಮೈಗೆಲ್ಲ ಹನ್ನೊಂದು ಕೈ ಅರಗಿನ ಪಾಲಿಶ್. ತಾವೇ ಒಮ್ಮೆ ಕೂತು, ಸರಿಯಾಗಿದೆ ಎಂದು ತೃಪ್ತಿಪಟ್ಟು ಅಕ್ಕನನ್ನು ಕರೆದರು. ಅಕ್ಕ ಕೂತಳು. ಚೆನ್ನಾಗಿದೆ ಅಂದಳು. ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋದಳು. ಮಾರನೆಯ ದಿನದಿಂದ ಕುರ್ಚಿಯಲ್ಲಿ ಮಡಿಸಿದ ಬಟ್ಟೆಗಳು ಕೂತವು, ಅಕ್ಕ ಮೆಟ್ಟಿಲಿಗೆ ಹೋದಳು.

ಬಣ್ಣ ಹಿಡಿಸಿಲ್ಲ ಎಂದುಕೊಂಡ ಭಾವ ಪಾಲಿಶನ್ನೆಲ್ಲ ಉಜ್ಜಿ ತೆಗೆದು ಎಣ್ಣೆ ಹಚ್ಚಿದರು. ಮತ್ತೆ ಬಟ್ಟೆಗಳೇ ಕೂತವು. ಅದನ್ನೂ ಕೆರೆದು ಮೇಣ ತಿಕ್ಕಿದರು. ಆಗಲೂ ಅಷ್ಟೇ. ಭಾವ ಬಾಡಿಹೋದರು, ಅಂಗಡಿಯಲ್ಲಿ ಯಾರದೋ ಪ್ಯಾಂಟಿಗೆ ಎರಡೂ ಎಡಗಾಲೇ ಕತ್ತರಿಸಿದರು. ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ಒಂದು ಗಳಿಗೆ ಕೂತರೆ ಇವಳ ಗಂಟೇನು ಹೋಗುತ್ತದೆ ಎನಿಸಿತು.

ಒಂದು ಮಧ್ಯಾಹ್ನ ಭಾವ ಕನ್ನಡಕ ಮನೆಯಲ್ಲೇ ಬಿಟ್ಟು ಅಂಗಡಿಗೆ ಬಂದಿದ್ದರು. ತರಲು ಹೊರಟಾಗ ನಾನೂ ಜೊತೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಬಟ್ಟೆಯ ರಾಶಿ ಮಂಚದ ಮೇಲಿತ್ತು. ಅಕ್ಕ ಕುರ್ಚಿಗೆ ಬೆನ್ನು ಪೂರಾ ಒರಗಿಸಿ ಓದುತ್ತಿದ್ದಳು. ಅವಳ ಕಾಲ ಕೆಳಗೆ ಕಿಟಕಿಯಲ್ಲಿದ್ದ ಆ ನಾಲ್ಕು ತುಂಡುಗಳಿದ್ದವು, ಎರಡರ ಮೇಲೆ ಎರಡು. ನಮ್ಮನ್ನು ಕಂಡವಳೇ ಅವನ್ನು ಹಿಮ್ಮಡಿಯಿಂದ ಕುರ್ಚಿಯಡಿಗೆ ತಳ್ಳಿದಳು. ಅವಳ ಪಾದಗಳು ನೆಲದಿಂದ ಮೂರು ಬೆರಳು ಮೇಲೆ ತೂಗಾಡಿದವು.

ಅಕ್ಕ ಗಿಡ್ಡಿ. ಚಿಕ್ಕಂದಿನಲ್ಲಿ ಬೆಂಚಿನ ಮೇಲೆ ಕೂತರೆ ನನ್ನ ಶಾಲೆಯ ಚೀಲದ ಮೇಲೆ ಕಾಲಿಡುತ್ತಿದ್ದಳು, ಅದಕ್ಕೆ ದಿನಾ ಜಗಳವಾಗುತ್ತಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ. ನಾಚಿಕೆಯಾಯಿತು.

“ನನಗೆ ಒಂದು ಮಾತು ಹೇಳಬಾರದಿತ್ತಾ?” ಎಂದರು ಭಾವ.

“ನೀವು ಬಣ್ಣ ಯಾವುದು ಅಂತ ಕೇಳಿದ್ರಿ,” ಅಂದಳು ಅಕ್ಕ. “ಅಷ್ಟು ಕಷ್ಟಪಟ್ಟು ಮಾಡಿದ್ದೀರಿ, ಹೇಗೆ ಹೇಳ್ಲಿ.”

ಭಾವ ಮಂಡಿಯೂರಿ ಕೂತು ಕೊರಳಿನ ಟೇಪು ತೆಗೆದರು. ಅವಳ ಮಂಡಿಯ ಹಿಂಬದಿಯಿಂದ ಹಿಮ್ಮಡಿಯವರೆಗೆ ಎರಡು ಸಲ ಅಳೆದರು. ಹದಿನಾಲ್ಕೂವರೆ, ಎಂದು ನನ್ನತ್ತ ನೋಡದೆಯೇ ಹೇಳಿದರು. ಊರಿನ ಕಾಲುಗಳನ್ನೆಲ್ಲ ಅಳೆದ ಟೇಪು ಅವಳ ಕಾಲಿಗೆ ತಾಗಿದ್ದು ಅದೇ ಮೊದಲು.

ಕಡೆದ ಪಾದಗಳು ಹಾಳಾಗುತ್ತವೆ, ಬೇಡವೆಂದು ಅಕ್ಕ ತಡೆದಳು. ಭಾವ ಕೇಳಲಿಲ್ಲ. ಕಂಬಳಿ ಹಾಸಿ ಕುರ್ಚಿಯನ್ನು ಬೋರಲು ಹಾಕಿ ನಾಲ್ಕನ್ನೂ ಕೊಯ್ದರು. ಬುಗುರಿಗಳು ಒಂದೊಂದಾಗಿ ಉರುಳಿ ಮಂಚದಡಿ ಸೇರಿದವು. ಕೊಯ್ದ ತುದಿಗಳು ಹಸಿ ಹಳದಿಯಾಗಿಯೇ ಉಳಿದವು, ಅವಕ್ಕೆ ಏನೂ ಹಚ್ಚಲಿಲ್ಲ.

ಅಕ್ಕ ಕೂತಳು. ಭಾವ ತಲೆಯ ಮೇಲೆಲ್ಲ ಮರದ ಹುಡಿ ಹೊತ್ತು ನಿಂತು, ಸರಿಯಾಯಿತೇ ಎಂದರು. ಆಗುತ್ತೆ ಎಂಬ ಮಾತು ಅವಳಿಗಿಂತ ಮೊದಲೇ ನನ್ನ ಬಾಯಿಗೆ ಬಂದಿತ್ತು. ಅಕ್ಕ ಪಾದಗಳನ್ನು ನೆಲಕ್ಕೆ ಊರಿದಳು, ಎತ್ತಿದಳು, ಮತ್ತೆ ಊರಿದಳು.

“ಇನ್ನೊಂದು ಅರ್ಧ ಇಂಚು ಕಮ್ಮಿ ಮಾಡಿ,” ಅಂದಳು.

“ಏಳು ಹಾಗಾದ್ರೆ,” ಎಂದು ಭಾವ ಮತ್ತೆ ಗರಗಸ ಎತ್ತಿಕೊಂಡರು.