ತಾಮ್ರದ ಹಂಡೆಯಲ್ಲಿ ಸಮುದ್ರ

ಸಮುದ್ರವನ್ನೇ ಕುಡಿದುಬಿಟ್ಟ ಋಷಿಯ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿದ್ದೆ. ಅದನ್ನು ಟೆಂಪೋದಲ್ಲಿ ಸಾಗಿಸುವ ಕಷ್ಟ ಆ ಮಹಾನುಭಾವರಿಗೆ ಬರಲಿಲ್ಲ, ನನಗೆ ಬಂತು. ನರಸಿಂಹರಾಜಪುರದ ಬಾಡಿಗೆ ಮನೆ ಬಿಟ್ಟು ಕೊಪ್ಪದ ಸ್ವಂತ ಮನೆಗೆ ಹೊರಟಾಗ ಮಂಚ, ಬೀರು, ಗ್ರೈಂಡರುಗಳ ಜೊತೆಗೆ ಒಂದು ಸಮುದ್ರವೂ ಬರಬೇಕಿತ್ತು.

ಸಮುದ್ರ ಎಂದರೆ ನನ್ನ ಹೆಂಡತಿ ಸುಮಾಳ ಗಾಜಿನ ತೊಟ್ಟಿ. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಮದುವೆಯಲ್ಲಿ ನಾನು ಒಡವೆ ಕೊಡಿಸುತ್ತೇನೆಂದರೆ ಹವಳ ಸಾಕು ಎಂದಿದ್ದಳು; ಜೀವಂತ ಹವಳ ಎಂದು ಆಮೇಲೆ ಗೊತ್ತಾಯಿತು. ಉಪ್ಪುನೀರು, ಬಂಡೆಗೆ ಅಂಟಿಕೊಂಡ ಹವಳಗಳು, ಬಸವನಹುಳುಗಳು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನುಗಳು. ಆ ಮೀನುಗಳ ಮನೆಯೆಂದರೆ ಅನಿಮೋನಿ. ಅದು ನೋಡಲು ಹೂವು, ನಿಜದಲ್ಲಿ ಪ್ರಾಣಿ. ಅದರ ಎಸಳುಗಳ ಮಧ್ಯೆ ಮೀನುಗಳು ಹಾಸಿಗೆಯಲ್ಲಿ ಹೊರಳಿದಂತೆ ಹೊರಳುತ್ತಿದ್ದವು. ಸುಮಾ ಅದನ್ನು ವರ್ಷಗಟ್ಟಲೆ ಸಾಕಿ ಅಂಗೈಯಗಲ ಮಾಡಿದ್ದಳು.

ಮೀನೆಂಬ ಪದಾರ್ಥ ಹೊಸಿಲು ದಾಟಿ ಗೊತ್ತಿಲ್ಲದ ಮನೆ ನಮ್ಮದು. ಮೊದಮೊದಲು ಅಮ್ಮ ತೊಟ್ಟಿಯ ಕಡೆ ಬೆನ್ನು ಹಾಕಿಯೇ ಓಡಾಡುತ್ತಿದ್ದಳು. ಆಮೇಲೆ ಯಾವಾಗಲೋ ಸಂಜೆ ದೀಪ ಹಚ್ಚಿದ ಮೇಲೆ ಅದರ ಮುಂದೆ ಕೂರುವುದು ಶುರುವಾಯಿತು. ಅನಿಮೋನಿ ಎಂಬ ಹೆಸರು ಬಾಯಿಗೆ ಒಗ್ಗದೆ "ಹೂವು" ಎಂದೇ ಕರೆದಳು. "ಹೂವು ಇವತ್ತು ಮುಖ ಸಣ್ಣ ಮಾಡ್ಕಂಡದೆ ಕಣೆ ಸುಮಾ" ಎಂದು ನನಗಿಂತ ಮೊದಲೇ ಸೊಸೆಗೆ ವರದಿ ಹೋಗುತ್ತಿತ್ತು. ನನ್ನ ಮುಖ ಸಣ್ಣದಾದದ್ದನ್ನು ಯಾರೂ ವರದಿ ಮಾಡಿದ್ದಿಲ್ಲ.

ಹೊಸ ಮನೆಯಲ್ಲಿ ಹಾಲು ಉಕ್ಕುವ ಮೊದಲು ಏನನ್ನೂ ನೆಲೆ ನಿಲ್ಲಿಸಬಾರದೆಂಬುದು ಅಮ್ಮನ ಕಟ್ಟಳೆ. ಮುಹೂರ್ತ ಮಾರನೆಯ ದಿನಕ್ಕಿತ್ತು. ಹಾಗಾಗಿ ಸಮುದ್ರದ ಜೀವಗಳು ಟಬ್ಬುಗಳಲ್ಲಿ, ನೀರು ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ, ಹಳೆಯ ಮನೆಯ ಜಗಲಿಯಲ್ಲೇ ಒಂದು ರಾತ್ರಿ ಕಳೆಯಬೇಕಾಯಿತು. ಸುಮಾ ಕೊಪ್ಪದ ಕಾಲೇಜಿಗೆ ಹಾಜರಾಗಲು ಮೊದಲೇ ಹೋಗಿದ್ದಳು. ನಾನು ಸಾಮಾನಿನ ಟೆಂಪೋದ ಹಿಂದೆ ಹೋದೆ. ಜಗಲಿಯಲ್ಲಿ ಕಾವಲಿಗಿದ್ದವಳು ಅಮ್ಮ.

ಒಂದು ಡ್ರಮ್ಮು ಸೋರತೊಡಗಿತು. ಅಮ್ಮ ಗಾಬರಿಯಾಗದೆ ಆ ನೀರನ್ನೆಲ್ಲ ತಾಮ್ರದ ಹಂಡೆಗೆ ತುಂಬಿಸಿದಳು. ಗೃಹಪ್ರವೇಶಕ್ಕೆಂದು ಹುಣಸೆಹಣ್ಣು ಹಾಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದ ಹಂಡೆ. ಮಡಿನೀರು, ತೀರ್ಥ, ಬೆಳಿಗ್ಗೆ ಎದ್ದು ಕುಡಿಯುವ ನೀರು ಎಲ್ಲಕ್ಕೂ ನಮ್ಮಲ್ಲಿ ತಾಮ್ರವೇ. ಈಗಂತೂ ವಾಟ್ಸಾಪಿನ ವೈದ್ಯರೂ ಅಮ್ಮನ ಪಕ್ಷ. ತನಗೆ ಗೊತ್ತಿದ್ದ ಅತ್ಯಂತ ಶುದ್ಧವಾದ ಪಾತ್ರೆಯನ್ನೇ ಅವಳು ಸೊಸೆಯ ಸಮುದ್ರಕ್ಕೆ ಕೊಟ್ಟಿದ್ದಳು.

ಬೆಳಿಗ್ಗೆ ಟೆಂಪೋ ಮರಳಿ ಬರುವಷ್ಟರಲ್ಲಿ ನೀರು ಬೇರೆ ಡ್ರಮ್ಮಿಗೆ ಸೇರಿತ್ತು. ಹಾಲು ಉಕ್ಕಿತು. ತೊಟ್ಟಿ ತುಂಬಿತು. ಮಾರನೆಯ ದಿನ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ಹವಳಗಳು ಬಾಯಿ ಮುಚ್ಚಿದವು, ಮತ್ತೆ ತೆರೆಯಲಿಲ್ಲ. ಪ್ರಯಾಣದ ಆಯಾಸವಿರಬೇಕೆಂದು ನಾನು ಸಮಾಧಾನ ಹೇಳಿದೆ. ನನಗೇ ಬಸ್ಸಿನಲ್ಲಿ ಜಯಪುರ ದಾಟುವಷ್ಟರಲ್ಲಿ ತಲೆ ತಿರುಗುತ್ತದೆ. ಸುಮಾ ಕೇಳಿಸಿಕೊಳ್ಳಲಿಲ್ಲ.

"ಡ್ರಮ್ಮು ಸೋರಿದ್ರೂ ಒಂದು ತೊಟ್ಟು ಚೆಲ್ಲಾಕೆ ಬಿಡ್ಲಿಲ್ಲ, ಹಂಡೆಗೆ ಹಾಕ್ದೆ" ಎಂದು ಅಮ್ಮ ಊಟಕ್ಕೆ ಬಡಿಸುತ್ತಾ ಹೇಳಿದಳು. ಸುಮಾಳ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಆಮೇಲೆ ಹಿತ್ತಿಲಿಗೆ ಕರೆದು ನನಗೆ ಹೇಳಿದಳು: ಉಪ್ಪುನೀರು ತಾಮ್ರವನ್ನು ಕರಗಿಸುತ್ತದೆ. ಬೆನ್ನುಮೂಳೆಯಿಲ್ಲದ ಜೀವಗಳಿಗೆ ಅದು ವಿಷ. ಮೀನು ತಡೆದುಕೊಂಡರೂ ಹೂವು ತಡೆಯುವುದಿಲ್ಲ. "ಅತ್ತೆಗೆ ಹೇಳ್ಬೇಡಿ" ಎಂದಳು. ಅವಳಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ, ಅದು ನನಗೆ ಹೆಚ್ಚು ಕಷ್ಟವಾಯಿತು.

ನೀರೆಲ್ಲ ಬದಲಾಯಿಸಿದೆವು. ಉಪ್ಪು ಕದಡಿದೆವು, ವಿಷ ಹೀರುವ ಇದ್ದಿಲ ಚೀಲಗಳನ್ನು ಇಳಿಬಿಟ್ಟೆವು, ತಾಮ್ರ ಕುಡಿದ ಬಂಡೆಗಳನ್ನು ಹೊರಗೆ ಹಾಕಿದೆವು. ಪ್ರತಿದಿನ ಇನ್ನೊಂದು ಹವಳ ಬಿಳಿ ಕಲ್ಲಾಗುತ್ತಿತ್ತು. ಹೂವು ಮುದುಡಿ, ನೆನೆದ ಹತ್ತಿಯಂತಾಗಿ, ಒಂದು ಬೆಳಿಗ್ಗೆ ಹಿಡಿತ ಬಿಟ್ಟು ತೇಲಿತು. ಸುಮಾ ಅದನ್ನು ಬಟ್ಟಲಿನಲ್ಲಿ ಎತ್ತಿಕೊಂಡು ಹೋಗಿ ಸಂಪಿಗೆ ಗಿಡದ ಬುಡಕ್ಕೆ ಹಾಕಿದಳು. ಹೂವು ಬೇರೆ ಬಕೆಟ್ಟಿನಲ್ಲಿದೆ, ಆರೈಕೆ ನಡೆದಿದೆ ಎಂದು ಅಮ್ಮನಿಗೆ ಹೇಳಿದೆವು. ಮೀನುಗಳೆರಡೂ ಬರಿಯ ಗಾಜಿನ ಮೂಲೆಗೆ ಮೈಯುಜ್ಜುತ್ತಿದ್ದವು. ಮನೆ ಬದಲಾಯಿಸಿದ್ದು ನಾವು, ಮನೆ ಕಳೆದುಕೊಂಡದ್ದು ಅವು.

ಅಮ್ಮ ಹೊಸ ಮನೆಯ ದೋಷವೆಂದಳು. ಅಡ್ಡಗದ್ದೆಯ ಭಟ್ಟರನ್ನು ಕರೆಸಿ ಶಾಂತಿ ಮಾಡಿಸಬೇಕೆಂದಳು. ಭಟ್ಟರು ಬರುವವರೆಗೆ ಸುಮ್ಮನಿರಲಾರದೆ, ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನು ತಂದು ತೊಟ್ಟಿಗೆ ಬಗ್ಗಿಸಲು ಹೋದಳು. ಸುಮಾ ಓಡಿಬಂದು ಕೈ ಹಿಡಿದಳು. "ಬೇಡ ಅತ್ತೆ!"

ಸೊಸೆ ಅವಳ ಕೈ ಹಿಡಿದು ತಡೆದದ್ದು ಅದೇ ಮೊದಲು. ಅಮ್ಮ ಚೊಂಬನ್ನು ನೋಡಿದಳು, ಸುಮಾಳನ್ನು ನೋಡಿದಳು.

"ಹಂಡೆಯಾ?"

"ಹೌದು ಅತ್ತೆ."

"ಹೂವು?"

ಸುಮಾ ಇಲ್ಲವೆಂದು ತಲೆಯಾಡಿಸಿದಳು. ನಾನು ಏನೋ ಸಮಾಧಾನ ಹೇಳಹೊರಟೆ. ಅಮ್ಮ ನಿಲ್ಲಲಿಲ್ಲ; ನೇರ ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ನೆಂಟರಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದಾಗ ಹಾಗೆ ಮಾಡುವುದು ನಮ್ಮಲ್ಲಿ ರೂಢಿ. ಸುರಿಯುವ ಸದ್ದು ಕೇಳುತ್ತಾ ಸುಮಾ ಬಾಗಿಲಿಗೆ ಒರಗಿ ಅತ್ತಳು.

ಅಮ್ಮ ನೀರು ತೊಟ್ಟಿಕ್ಕುವ ಸೀರೆಯಲ್ಲೇ ಬಂದು ತೊಟ್ಟಿಯ ಪಕ್ಕದ ಮೀನಿನ ಆಹಾರದ ಡಬ್ಬಿಗೆ ಕೈ ಹಾಕಿದಳು. ಅದರಲ್ಲಿದ್ದದ್ದು ಒಣಸೀಗಡಿಯ ಪುಡಿ. ಅಷ್ಟು ವರ್ಷದಲ್ಲಿ ಅವಳು ಅದರ ಮುಚ್ಚಳವನ್ನೂ ಮುಟ್ಟಿದವಳಲ್ಲ.

"ಅಮ್ಮ, ಅದು ಸೀಗಡಿ. ಮತ್ತೆ ಸ್ನಾನ ಮಾಡ್ಬೇಕಾಗ್ತದೆ" ಎಂದೆ.

"ಮಾಡಿದ್ರಾಯ್ತು ಮಾರಾಯ. ಉಳ್ದವು ಉಣ್ಣೋದು ಬ್ಯಾಡ್ವನ?"

ಚಿಟಿಕೆ ಪುಡಿ ಉದುರಿಸಿದಳು. ಒಂದು ಮೀನು ಮೇಲೆ ಬಂತು. ಇನ್ನೊಂದು ಬರುವವರೆಗೂ ಚಳಿಗೆ ನಡುಗುತ್ತಾ ಅಲ್ಲೇ ನಿಂತಿದ್ದಳು.